ಮೂರನೇ ಕಪ್ಪಿನ ದರ

ಮನುಷ್ಯ ಒಬ್ಬನೇ, ಕೈ ಅವೇ ಎರಡು, ಆದರೂ ಅವನ ಒಂದು ಗಂಟೆಗೆ ಒಂದೇ ಬೆಲೆ ಇಲ್ಲ. ಬಾಯ್ಲರ್ ಬಿಚ್ಚುವಾಗ ಒಂದು ದರ, ವ್ಯಾನ್ ಓಡಿಸುವಾಗ ಇನ್ನೊಂದು, ಬಿದ್ದ ಕಸ ಗುಡಿಸುವಾಗ ಎಲ್ಲಕ್ಕಿಂತ ಕಡಿಮೆ. ದರ ಕಟ್ಟುವವನ ಕೈಯಲ್ಲಿ ಪೊರಕೆ ಇರುವುದಿಲ್ಲ. ಇದೆಲ್ಲ ಪ್ರತಿ ಬಿಲ್ಲಿನಲ್ಲೂ ಅಚ್ಚಾಗಿ ನಿಮ್ಮ ಮನೆಗೇ ಬರುತ್ತದೆ. ನೀವು ಕೆಳಗಿನ ಮೊತ್ತವನ್ನಷ್ಟೇ ಓದಿ, ಬೈದು, ಮಡಿಚಿಡುತ್ತೀರಿ.

ನಮ್ಮ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, ಎಮ್ಡನ್ ಪಟ್ಟಣದಿಂದ ಸಮುದ್ರದ ಕಡೆಗೆ ಹೋಗುವ ದಾರಿಯ ಊರೊಂದರಲ್ಲಿ, ವಿಯಾರ್ಡ್ ಹಾರ್ಮ್ಸ್ ಎಂಬವನಿಗೆ ನಲ್ಲಿ, ಪೈಪು, ಬಾಯ್ಲರ್ ರಿಪೇರಿಯ ಕಂಪನಿ ಇದೆ. ಹಬ್ಬೋ ಸೇರಿ ನಾಲ್ಕು ಜನ ಕೆಲಸಗಾರರು, ಮೂರು ವ್ಯಾನು. ಆಫೀಸು ಎಂದರೆ ಅವನ ಅಡುಗೆಮನೆಗೆ ಅಂಟಿಕೊಂಡ ಕೋಣೆ. ಆ ಕೋಣೆಯಲ್ಲಿ ಫೋನ್ ಎತ್ತುವುದು, ಬಿಲ್ ಬರೆಯುವುದು, ಸಂಬಳ ಹಾಕುವುದು, ತೆರಿಗೆ ಕಟ್ಟುವುದು, ಎಲ್ಲರ ಪರವಾಗಿ ಬೈಸಿಕೊಳ್ಳುವುದು ಅವನ ಹೆಂಡತಿ ಫೆನ್ನಾ.

ನವೆಂಬರಿನ ಮಂಗಳವಾರ. ಇನ್ನೇನು ಹನ್ನೊಂದು ಗಂಟೆ. ಲೆಕ್ಕದ ಹೊಸ ಸಾಫ್ಟ್‌ವೇರ್ ಪರದೆಯ ಮೇಲೆ ತೆರೆದುಕೊಂಡಿದೆ. ಪ್ರತಿಯೊಬ್ಬರ ಹೆಸರಿನ ಮುಂದೆ, ಪ್ರತಿಯೊಂದು ಬಗೆಯ ಕೆಲಸಕ್ಕೆ, ಗಂಟೆಗೆ ಎಷ್ಟೆಂದು ಅದಕ್ಕೆ ತಿಳಿಯಬೇಕು. ಗಂಡಹೆಂಡಿರ ಕಾದಾಟ ಬೆಳಗಿನ ಬ್ರೆಡ್ಡಿನಿಂದಲೇ ಶುರುವಾಗಿದೆ.

ಫೆನ್ನಾ: ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ ಅಂತಿದೆ ಇದು. ನನ್ನ ಹೆಸರಿನ ಮುಂದೆ ಏನಾದ್ರೂ ಒಂದು ಹಾಕಲೇಬೇಕಂತೆ.

ವಿಯಾರ್ಡ್: ನಿನ್ನ ಹೆಸರು ಅಲ್ಲಿಗೆ ಹೇಗೆ ಬಂತು?

ಫೆನ್ನಾ: ನಾನೇ ಹಾಕ್ದೆ.

ವಿಯಾರ್ಡ್: ಅದು ಕೆಲಸದವರ ಪಟ್ಟಿ ಕಣೇ!

ಫೆನ್ನಾ: ಹೌದಾ? ಹಾಗಾದ್ರೆ ಸರಿಯಾದ ಕಡೆನೇ ಹಾಕಿದೀನಿ.

ವಿಯಾರ್ಡ್: ತೆಗೆದುಹಾಕು.

ಫೆನ್ನಾ: ತೆಗೆದ್ರೆ ಬಿಲ್ ಮಾಡ್ದೋರು ಯಾರು ಅಂತ ಕೇಳತ್ತೆ. ಯಾರ ಹೆಸರು ಕೊಡ್ಲಿ, ಬೆಕ್ಕಿಂದಾ?

ವಿಯಾರ್ಡ್: ಏನೋ ಒಂದು ಹಾಕಿ ಮುಂದೆ ಹೋಗು ಮಾರಾಯ್ತಿ. ಸೊನ್ನೆ ಹಾಕು.

ಫೆನ್ನಾ: ಸೊನ್ನೆ.

ವಿಯಾರ್ಡ್: ಸುಮ್ನೆ ಯಂತ್ರದ ಬಾಯಿ ಮುಚ್ಚಿಸೋಕೆ.

ಫೆನ್ನಾ ಸೊನ್ನೆ ಒತ್ತಿದಳು. ಖಾಲಿ ಬಿಟ್ಟಾಗ ಕೆಂಪಗಾಗಿ ಕೂಗಾಡಿದ್ದ ಯಂತ್ರ ಸೊನ್ನೆಗೆ ತೆಪ್ಪಗಾಯಿತು. ಅದರ ಬಾಯೇನೋ ಮುಚ್ಚಿತು. ಫೆನ್ನಾಳ ಬಾಯಿ ಅಷ್ಟು ಅಗ್ಗದ್ದಲ್ಲ.

ಫೆನ್ನಾ: ಹಬ್ಬೋ ಬಾಯ್ಲರ್ ಬಿಚ್ಚಿದ್ರೆ ಎಪ್ಪತ್ತನಾಲ್ಕು ಯೂರೋ. ಬಿಚ್ಚಿದ ಮೇಲೆ ಕಸ ಗುಡಿಸಿದ್ರೆ ಮೂವತ್ತೊಂಬತ್ತು. ನಾನು ಹಬ್ಬೋನ ಗಂಟೆಗಳನ್ನೆಲ್ಲ ಗುಡಿಸಿ ಒಟ್ಟು ಮಾಡಿ ಬಿಲ್ ಕಳಿಸಿ, ಕೊಡದೇ ಇದ್ದವರಿಗೆ ಫೋನ್ ಮಾಡಿ ಗೋಗರೆದ್ರೆ ಸೊನ್ನೆ.

ವಿಯಾರ್ಡ್: ಗಿರಾಕಿಗೆ ಹಾಕೋ ದರ ಅದು. ನಿನ್ನ ಕೆಲಸನ ಯಾವ ಗಿರಾಕಿಗೆ ಅಂತ ಹಾಕ್ಲಿ?

ಫೆನ್ನಾ: ಅದು ನನ್ನ ತಾಪತ್ರಯ ಅಲ್ಲ. ದರ ಕಟ್ಟೋನು ನೀನು. ನಾನು ಕೇಳಿದ್ದು ಒಂದೇ. ಒಂದನೇ ತಾರೀಖಿಂದ ನನ್ನನ್ನ ಕೆಲಸದವಳು ಅಂತ ಬರೆಸು. ಸಂಬಳ, ವಿಮೆ, ಪಿಂಚಣಿ. ಹಬ್ಬೋಗೆ ಇರೋ ಹಾಗೆ.

ವಿಯಾರ್ಡ್: ಮನೆಯವರಿಗೆ ಯಾರಾದ್ರೂ ಸಂಬಳ ಕೊಡ್ತಾರಾ? ಈ ಜೇಬಿಂದ ತೆಗೆದು ಆ ಜೇಬಿಗೆ ಹಾಕೋದು.

ಫೆನ್ನಾ: ಆ ಎರಡು ಜೇಬೂ ನಿನ್ನ ಪ್ಯಾಂಟಲ್ಲೇ ಇದೆ ಮಾರಾಯ. ಮದುವೆಗೆ ಮುಂಚೆ ಚಪ್ಪಲಿ ಅಂಗಡೀಲಿ ನಿಂತಿದ್ದೆನಲ್ಲ, ಅಷ್ಟೇ ನನ್ನ ಪಿಂಚಣಿ ಖಾತೇಲಿರೋದು. ಆಮೇಲಿನ ಹದಿನೆಂಟು ವರ್ಷ ನಾನು ಬದುಕಿದ್ನೋ ಸತ್ನೋ ಸರ್ಕಾರಕ್ಕೇ ಗೊತ್ತಿಲ್ಲ.

ವಿಯಾರ್ಡ್: ಮನೆ ಇಲ್ವಾ? ಮನೆ ಇಬ್ಬರದ್ದೂ.

ಫೆನ್ನಾ: ಎಪ್ಪತ್ತರಲ್ಲಿ ಹಸಿವಾದ್ರೆ ಬಾಗಿಲು ಬಿಚ್ಕೊಂಡು ತಿನ್ಲಾ?

ವಿಯಾರ್ಡ್: ಈ ವರ್ಷ ಬೇಡ. ಈ ವರ್ಷ ವ್ಯಾನ್ ಬದಲಾಯಿಸಬೇಕು.

ಫೆನ್ನಾ: ಹೋದ ವರ್ಷನೂ ವ್ಯಾನೇ. ಅದರ ಹಿಂದಿನ ವರ್ಷನೂ ವ್ಯಾನೇ. ನೋಡ್ತಿರು, ಆ ವ್ಯಾನಿಗೆ ನನಗಿಂತ ಮುಂಚೆ ಪಿಂಚಣಿ ಬರತ್ತೆ.

ವಿಯಾರ್ಡ್ ಕೆಟ್ಟವನಲ್ಲ. ಕೆಟ್ಟವರನ್ನು ಬೈಯುವುದು ಸುಲಭ. ಅದಕ್ಕೆ ಇಷ್ಟೊಂದು ಹಾಳೆ ಬೇಕಿಲ್ಲ. ಮಾತಿನಲ್ಲಿ ಸೋತಾಗ ವಿಷಯ ಬದಲಿಸುವ ಸಾಧಾರಣ ಗಂಡಸು ಅವನು. ಈಗಲೂ ಬದಲಿಸಿದ.

ವಿಯಾರ್ಡ್: ನಿನ್ನ ವಿಷಯ ಆಮೇಲೆ. ಮೊದಲು ಆ ಚಹಾದ್ದು ನೋಡು. ಸೋರಿಕೆ ಇರೋದು ಅಲ್ಲಿ.

ಫೆನ್ನಾ: ಯಾವ ಚಹಾ?

ವಿಯಾರ್ಡ್: ಹಬ್ಬೋ ಕುಡಿಯೋ ಚಹಾ! ಈ ಸೀಮೇಲಿ ಯಾವ ಮನೆಗೆ ಹೋದ್ರೂ ಮೂರು ಕಪ್ ಕುಡೀದೆ ಆಚೆಗೆ ಬಿಡಲ್ಲ. ಕುಡೀದೆ ಎದ್ದು ಬಂದ್ರೆ ಮುಂದಿನ ಸಲ ನಲ್ಲಿ ಒಡೆದು ಹಾಸಿಗೆ ತೇಲಿದ್ರೂ ನಮ್ಮನ್ನ ಕರೆಯಲ್ಲ. ಅಂದ್ಮೇಲೆ ಆ ಚಹಾ ಕುಡಿಯೋದು ಕೆಲಸ. ಕೆಲಸ ಅಂದ್ಮೇಲೆ ಅದಕ್ಕೊಂದು ದರ ಬೇಕು.

ಫೆನ್ನಾ: ಕೆಲಸದ ಬಗೆ ಏನಂತ ಹಾಕ್ತೀಯ? ಹೀರೋದು?

ವಿಯಾರ್ಡ್: ಗಿರಾಕಿ ಜೊತೆ ಸಮಾಲೋಚನೆ. ಅರವತ್ತೆರಡು.

ಫೆನ್ನಾ: ಹಾಕ್ತೀಯ ಅಂತ ಕೇಳ್ದೆ. ನಿನ್ನ ಮುಖ ನೋಡಿದ್ರೆ ಹಾಕಾಗಿದೆ ಅನ್ಸತ್ತೆ.

ವಿಯಾರ್ಡ್: ಶುಕ್ರವಾರ ನೀನು ಹಲ್ಲಿನ ಡಾಕ್ಟರ ಹತ್ರ ಹೋಗಿದ್ದಾಗ... ಒಂದೇ ಒಂದು ಬಿಲ್ಲು. ಹೇಗೆ ಬರತ್ತೆ ನೋಡೋಣ ಅಂತ.

ಫೆನ್ನಾ: ಯಾರಿಗೆ?

ವಿಯಾರ್ಡ್: ಚಿಕ್ಕ ಮೊತ್ತ ಕಣೇ.

ಫೆನ್ನಾ: ಯಾರಿಗೆ, ವಿಯಾರ್ಡ್?

ವಿಯಾರ್ಡ್: ತೇಡಾ ಅತ್ತೆಗೆ.

ಫೆನ್ನಾ: ಅಯ್ಯೋ ನಿನ್ನ! ಅವರ ಮನೆ ಚಹಾನ ಅವರಿಗೇ ಮಾರಿದ್ಯಾ?

ಕರೆಗಂಟೆ ಸದ್ದು ಮಾಡಿತು. ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ನಮ್ಮಲ್ಲಿ ಹನ್ನೊಂದಕ್ಕೆ ಯಾರು ಬಂದರೂ, ಶತ್ರು ಬಂದರೂ, ಚಹಾ ಇಡಬೇಕು. ಶತ್ರುಗಳಿಗೂ ಇದು ಗೊತ್ತಿರುವುದರಿಂದ ಅವರು ಹನ್ನೊಂದಕ್ಕೇ ಬರುತ್ತಾರೆ.

ಬಂದವರು ತೇಡಾ ಉಬ್ಬೆನ್. ಊರಿಗೆಲ್ಲ ತೇಡಾ ಅತ್ತೆ. ವಯಸ್ಸು ಎಂಬತ್ತು ದಾಟಿದೆ. ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಕಿಟಕಿಯ ಹಿಂದೆ ಆಯುಷ್ಯ ಕಳೆದವರು. ದೊಡ್ಡವರಿಗೆ ಇಷ್ಟು, ಮಗುವಿಗೆ ಇಷ್ಟು, ಸೈಕಲ್ಲಿಗೆ ಇಷ್ಟು ಎಂದು ದರ ಹೇಳಿ ಹೇಳಿ ನಾಲಿಗೆಗೆ ಸಾಣೆ ಬಿದ್ದಿದೆ. ಕೈಯಲ್ಲಿ ಬಿಲ್ಲು, ಬಾಯಲ್ಲಿ ನಮ್ಮ ಕಡೆಯ ನಮಸ್ಕಾರ.

ತೇಡಾ: ಮೊಯ್ನ್.

ಇಬ್ಬರೂ: ಮೊಯ್ನ್, ಅತ್ತೆ.

ತೇಡಾ: ಗಾಬರಿಯಾಗಬೇಡಿ, ಜಗಳಕ್ಕೆ ಬಂದಿಲ್ಲ. ಚಹಾಕ್ಕೆ ಬಂದೆ. ಜಗಳ ಅದರ ಜೊತೆಗೆ.

ಅವರು ಅಡುಗೆಮನೆಯ ಮೇಜಿನ ಮುಂದೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಭದ್ರವಾಗಿ ಕುಳಿತರು. ಫೆನ್ನಾ ಚಿಕ್ಕ ಕಪ್ಪಿಗೆ ಮೊದಲು ಕಲ್ಲುಸಕ್ಕರೆಯ ಉಂಡೆ ಹಾಕಿದಳು. ಅದರ ಮೇಲೆ ಕುದಿಯುವಂಥ ಚಹಾ ಸುರಿದಳು. ಉಂಡೆ ಚಟಪಟ ಎಂದಿತು. ಆಮೇಲೆ ಅಂಚಿನಲ್ಲಿ ಒಂದು ಚಮಚ ಕೆನೆ ಮೆಲ್ಲಗೆ ಇಳಿಬಿಟ್ಟಳು. ಅದು ತಳಕ್ಕೆ ಹೋಗಿ ಮೋಡದಂತೆ ಮೇಲೆದ್ದಿತು. ಕಲಕುವ ಹಾಗಿಲ್ಲ. ಕಲಕುವವರನ್ನು ನಾವು ಹ್ಯಾಂಬರ್ಗಿನ ಪೇಟೆಯವರು ಎನ್ನುತ್ತೇವೆ.

ತೇಡಾ: ಹ್ಞಾ, ಸಕ್ಕರೆ ಮಾತಾಡ್ತು. ಫೆನ್ನಾ, ನಿನ್ನ ಕೈ ಒಳ್ಳೇದು. ವಿಯಾರ್ಡ್, ಈ ಸಮಾಲೋಚನೆ ಅಂದ್ರೆ ಏನಪ್ಪಾ?

ವಿಯಾರ್ಡ್: ಅದು... ನಿಮ್ಮ ಬಾಯ್ಲರ್ ವಿಷಯ ಹಬ್ಬೋ ನಿಮ್ಮ ಹತ್ರ ಚರ್ಚೆ ಮಾಡಿದ್ದು, ಅತ್ತೆ.

ತೇಡಾ: ಬಾಯ್ಲರಿನ ಹೆಸರೇ ಎತ್ಲಿಲ್ಲ ಅವನು. ಅವನ ಹುಡುಗಿ ಬಿಟ್ಟು ಹೋದ್ಲಂತೆ. ಮೊದಲ ಕಪ್ಪಲ್ಲಿ ಅತ್ತ. ಎರಡನೇದರಲ್ಲಿ ಅವಳನ್ನ ಬೈದ. ಮೂರನೇದರಲ್ಲಿ, ಫೋನ್ ಮಾಡ್ಲಾ ಅತ್ತೆ ಅಂದ. ಮಾಡಬೇಡ ಕಣೋ, ಹೋಗಿ ಕೂದಲು ಕತ್ತರಿಸ್ಕೋ ಅಂದೆ.

ಫೆನ್ನಾ: ಅದಕ್ಕೇ ನಿನ್ನೆ ಅಷ್ಟು ಲಕ್ಷಣವಾಗಿ ಬಂದಿದ್ದ!

ತೇಡಾ: ಅಲ್ವಾ? ಈಗ ಹೇಳು ವಿಯಾರ್ಡ್. ಸಮಾಲೋಚನೆ ತಗೊಂಡೋನು ಯಾರು, ಕೊಟ್ಟೋರು ಯಾರು?

ವಿಯಾರ್ಡ್: ನನಗೆ ಅರ್ಥ ಆಯ್ತು. ಹಬ್ಬೋ ನಿಮ್ಮ ತಲೆ ತಿಂದ. ನಾನು ಅವನ ಕೈಲಿ ಕ್ಷಮೆ ಕೇಳಿಸ್ತೀನಿ.

ತೇಡಾ: ಕ್ಷಮೆ ಯಾಕೆ? ಒಳ್ಳೇ ಹುಡುಗ. ಇನ್ನೊಂದು ಸಲ ಕಳಿಸು, ಮುಂದೇನಾಯ್ತು ಕೇಳ್ಬೇಕು.

ವಿಯಾರ್ಡ್: ಹಾಗಾದ್ರೆ ಬಿಲ್ಲಲ್ಲಿ ಸ್ವಲ್ಪ ಕಡಿಮೆ ಮಾಡ್ತೀನಿ. ಹತ್ತು ಪರ್ಸೆಂಟ್.

ತೇಡಾ: ಕಡಿಮೆ ಮಾಡು ಅಂದ್ನಾ ನಾನು? ನಾನು ದುಡ್ಡು ಕಟ್ಟೋಳು, ಚೌಕಾಸಿ ಮಾಡೋಳಲ್ಲ.

ವಿಯಾರ್ಡ್: ಹದಿನೈದು?

ತೇಡಾ: ಇವನ ಕಿವೀಲಿ ಪೈಪು ಕಟ್ಟಿದೆ ಫೆನ್ನಾ. ಏನಪ್ಪಾ, ನಾನು ನಿನ್ನ ಬಿಲ್ ಕಡಿಮೆ ಮಾಡಿಸೋಕೆ ಬಂದಿಲ್ಲ. ನನ್ನ ಬಿಲ್ ಕೊಡೋಕೆ ಬಂದಿದೀನಿ. ಬರ್ಕೋ.

ವಿಯಾರ್ಡ್: ನಿಮ್ಮ ಬಿಲ್ಲಾ?

ತೇಡಾ: ನೀನು ಕೆಲಸದ ಬಗೆ ನೋಡಿ ದರ ಹಾಕ್ತೀಯಂತೆ. ಒಳ್ಳೇ ಪದ್ಧತಿ. ನಮ್ಮ ಹಡಗಲ್ಲೂ ಹಾಗೇ ಇತ್ತು. ಮೊದಲನೇದು, ನೀರು ಕಾಯಿಸಿದ್ದು. ಅದಕ್ಕೆ ನಿನ್ನ ಹತ್ರ ಎಷ್ಟು?

ಫೆನ್ನಾ ಕೋಣೆಯ ಬಾಗಿಲಿನಿಂದಲೇ ಕತ್ತು ಚಾಚಿ ಪರದೆಯನ್ನು ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ. ದರಗಳೆಲ್ಲ ಅವಳಿಗೆ ಬಾಯಿಪಾಠ. ಆದರೆ ಕೆಲವು ಸಂತೋಷಗಳನ್ನು ಅವಸರದಲ್ಲಿ ಮುಗಿಸಬಾರದು.

ಫೆನ್ನಾ: ಬಿಸಿನೀರಿನ ಕೆಲಸ ಅಂತ ಒಂದಿದೆ ಅತ್ತೆ. ಅನುಭವಸ್ಥರು ಮಾಡಿದ್ರೆ ತೊಂಬತ್ತೆರಡು.

ತೇಡಾ: ನಾನು ಅರವತ್ತು ವರ್ಷದಿಂದ ಕಾಯಿಸ್ತಿದೀನಿ.

ಫೆನ್ನಾ: ಹಾಗಾದ್ರೆ ತೊಂಬತ್ತೆರಡೇ.

ವಿಯಾರ್ಡ್: ಫೆನ್ನಾ! ಅದು ಬಾಯ್ಲರ್ ಕೂರಿಸೋ ದರ!

ಫೆನ್ನಾ: ಕೆಟಲ್ ಒಲೆ ಮೇಲೆ ಕೂರಿಸಿದಾರಲ್ಲ.

ತೇಡಾ: ಎರಡನೇದು, ಅಳೋ ಗಂಡಸಿಗೆ ಕರ್ಚೀಫ್ ಕೊಟ್ಟು, ಆಮೇಲೆ ಅದನ್ನ ಒಗೆದಿದ್ದು. ಅದು ಸೋರಿಕೆ ಕೆಲಸದಲ್ಲಿ ಬರಬಹುದಾ?

ವಿಯಾರ್ಡ್: ಅತ್ತೆ, ಅತ್ತೆ, ಸ್ವಲ್ಪ ಇರಿ. ನೀವು ಮಾಡಿದ್ದು ಕೆಲಸ ಅಲ್ಲ. ಅದು ಸತ್ಕಾರ!

ತೇಡಾ: ಅವನು ಕುಡಿದ್ರೆ ಕೆಲಸ.

ವಿಯಾರ್ಡ್: ಹೌದು.

ತೇಡಾ: ನಾನು ಮಾಡಿಕೊಟ್ರೆ ಸತ್ಕಾರ.

ವಿಯಾರ್ಡ್: ...ಹೌದು.

ತೇಡಾ: ಹೌದು ಅಂತೆ! ಕೇಳಿದ್ಯಾ ಫೆನ್ನಾ? ಕಣ್ಣು ಕೂಡ ಮಿಟುಕಿಸಲಿಲ್ಲ.

ಫೆನ್ನಾ: ಅಭ್ಯಾಸ ಆಗಿದೆ ಅತ್ತೆ. ನನಗೂ ಹಾಗೇ ಅಂತಾನೆ.

ಎರಡನೇ ಕಪ್ಪು ಬಂತು. ಸಕ್ಕರೆ ಚಟಪಟ ಎಂದಿತು, ಕೆನೆ ಮೋಡವಾಯಿತು. ತೇಡಾ ಅತ್ತೆಯ ಕಣ್ಣು ಕಪ್ಪಿನ ಮೇಲಿಂದ ಫೆನ್ನಾಳ ಕೈಯ ಕಡೆ ಹೊರಳಿತು.

ತೇಡಾ: ಅಂದ ಹಾಗೆ, ಈಗ ಆಫೀಸಿನ ಹೊತ್ತು. ನಾನು ಗಿರಾಕಿ. ನೀನು ನನಗೆ ಚಹಾ ಹಾಕ್ತಿದೀಯ. ಇದು ಯಾವ ದರ?

ಫೆನ್ನಾ: ನನ್ನದು ಸೊನ್ನೆ ಅತ್ತೆ.

ತೇಡಾ: ಚಹಾ ಹಾಕೋದಕ್ಕಾ?

ಫೆನ್ನಾ: ಎಲ್ಲಾದಕ್ಕೂ. ಈಗ ತಾನೇ ಹಾಕಿದ್ದು, ಇನ್ನೂ ಬಿಸಿ ಆರಿಲ್ಲ.

ತೇಡಾ ಅತ್ತೆ ಕಪ್ಪನ್ನು ಕೆಳಗಿಟ್ಟರು. ಇಲ್ಲಿಯವರೆಗೆ ಅವರು ಆಟಕ್ಕೆ ಬಂದಿದ್ದರು.

ತೇಡಾ: ನಮ್ಮ ಹಡಗಲ್ಲಿ ನಾಯಿಗೂ ಅರ್ಧ ಟಿಕೆಟ್ ಇತ್ತು ವಿಯಾರ್ಡ್.

ವಿಯಾರ್ಡ್: ಅವಳು ನನ್ನ ಹೆಂಡತಿ ಅತ್ತೆ! ಅವಳಿಗೆ ದರ ಕಟ್ಟೋಕಾಗತ್ತಾ?

ತೇಡಾ: ನೀನಾಗಲೇ ಕಟ್ಟಿದೀಯಲ್ಲಪ್ಪ. ಸೊನ್ನೆ ಅಂತ.

ಫೆನ್ನಾ ಕೆಟಲನ್ನು ಮೇಜಿನ ನಡುವೆ ಇಟ್ಟಳು. ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕುಳಿತಳು.

ವಿಯಾರ್ಡ್: ಯಾಕೆ ಕೂತೆ? ಅತ್ತೆ ಕಪ್ ಖಾಲಿ ಆಗಿದೆ.

ಫೆನ್ನಾ: ಕಾಣ್ತಿದೆ.

ವಿಯಾರ್ಡ್: ಮೂರನೇದು ಹಾಕು.

ಫೆನ್ನಾ: ಸೊನ್ನೆ ದರದ ಕೆಲಸ ಮುಗೀತು.

ವಿಯಾರ್ಡನ ಮುಖದ ಬಣ್ಣ ಇಳಿಯಿತು. ಎರಡು ಕಪ್ಪಿಗೆ ಅತಿಥಿಯನ್ನು ನಿಲ್ಲಿಸುವುದು ಎಂದರೆ ನಮ್ಮಲ್ಲಿ ಕತ್ತು ಹಿಡಿದು ಆಚೆ ತಳ್ಳಿದ ಹಾಗೆ. ಚರ್ಚಿನ ಹಿಂದಿನ ಬೀದಿಯಲ್ಲಿ ಯಾರದೋ ಮುತ್ತಜ್ಜಿ ಹಾಗೆ ಮಾಡಿದ್ದಕ್ಕೆ ಆ ಮನೆಯನ್ನು ಇವತ್ತಿಗೂ ಎರಡು ಕಪ್ಪಿನ ಮನೆ ಎನ್ನುತ್ತಾರೆ. ಮನೆ ಕೆಡವಿ ಬ್ಯಾಂಕ್ ಕಟ್ಟಿದ ಮೇಲೂ ಎರಡು ಕಪ್ಪಿನ ಬ್ಯಾಂಕು. ಇನ್ನೊಂದು ಕಟ್ಟಳೆಯೂ ಇದೆ. ಅತಿಥಿ ತನ್ನ ಚಮಚವನ್ನು ಕಪ್ಪಿನೊಳಗೆ ನಿಲ್ಲಿಸಿದರೆ ಸಾಕು ಎಂದರ್ಥ. ನಿಲ್ಲಿಸುವವರೆಗೆ ಮನೆಯವರು ಸುರಿಯುತ್ತಲೇ ಇರಬೇಕು, ಎದ್ದು ಹೋಗುವಂತಿಲ್ಲ. ತೇಡಾ ಅತ್ತೆಯ ಚಮಚ ಸಾಸರಿನಲ್ಲಿ ಹಾಯಾಗಿ ಮಲಗಿತ್ತು.

ಆಗ ಆಫೀಸಿನ ಫೋನು ಬಡಿದುಕೊಂಡಿತು.

ವಿಯಾರ್ಡ್: ಫೋನು.

ಫೆನ್ನಾ: ಕೇಳಿಸ್ತಿದೆ.

ವಿಯಾರ್ಡ್: ಎತ್ತೇ!

ಫೆನ್ನಾ: ಅದೂ ಸೊನ್ನೇನೇ.

ಅವನೇ ಓಡಿ ಎತ್ತಿದ. ಪುರಸಭೆ ಕಚೇರಿಯಿಂದ ಹಬ್ಬೋ. ಬಾಯ್ಲರ್ ಬಿಚ್ಚಿಯಾಗಿದೆ, ಮುಂದಿನದಕ್ಕೆ ವಿಯಾರ್ಡನೇ ಬೇಕು, ಮೂರು ಜನ ಕೆಲಸಗಾರರು ಕೈಕಟ್ಟಿ ನಿಂತಿದ್ದಾರೆ.

ವಿಯಾರ್ಡ್: ಬಂದೆ ಬಂದೆ ಅಂದಿದೀನಿ. ಅಲ್ಲಿ ಗುಮಾಸ್ತರೆಲ್ಲ ಕೋಟು ಹಾಕ್ಕೊಂಡು ನಡುಗ್ತಾ ಕೂತಿದಾರಂತೆ ಅತ್ತೆ.

ತೇಡಾ: ನಡುಗ್ಲಿ ಬಿಡು. ಅಷ್ಟಾದ್ರೂ ಮೈ ಅಲ್ಲಾಡತ್ತೆ. ನನ್ನ ಮೂರನೇ ಕಪ್?

ವಿಯಾರ್ಡ್ ಕೆಟಲಿಗೆ ಕೈ ಹಾಕಿದ. ಈ ಮಣ್ಣಿನಲ್ಲಿ ಹುಟ್ಟಿ, ದಿನಕ್ಕೆ ಹತ್ತು ಕಪ್ಪು ಕುಡಿದು, ಐವತ್ತು ದಾಟಿದ ಗಂಡಸು ಒಂದು ಕಪ್ಪನ್ನೂ ತಾನೇ ಮಾಡಿಕೊಂಡಿರಲಿಲ್ಲ ಎಂಬುದು ಆಗ ಬೆಳಕಿಗೆ ಬಂತು. ಮೊದಲು ಕೆನೆ ಸುರಿದ. ಅದರ ಮೇಲೆ ಚಹಾ. ಆಮೇಲೆ ಏನೋ ಮರೆತೆನಲ್ಲ ಎಂದು ಕಲ್ಲುಸಕ್ಕರೆ ತೆಗೆದು ಎತ್ತರದಿಂದ ಬಿಟ್ಟ. ಅದು ಚಟಪಟ ಎನ್ನಲಿಲ್ಲ. ಕೊಳಕ್ಕೆ ಬಿದ್ದ ಕಪ್ಪೆಯಂತೆ ಬುಳುಕ್ ಎಂದಿತು. ಮೇಜುಬಟ್ಟೆ ಒದ್ದೆಯಾಯಿತು. ಅಷ್ಟಕ್ಕೆ ನಿಲ್ಲಿಸಿದ್ದರೂ ಮಾನ ಉಳಿಯುತ್ತಿತ್ತೇನೋ. ಸರಿಮಾಡುತ್ತೇನೆಂದು ಚಮಚ ತೆಗೆದುಕೊಂಡು...

ತೇಡಾ: ಕಲಕಿದ!

ಫೆನ್ನಾ: ನೋಡ್ಬೇಡಿ ಅತ್ತೆ, ಕಣ್ಣು ಮುಚ್ಕೊಳ್ಳಿ.

ತೇಡಾ: ಇವನಿಗೆ ನಿನ್ನ ಯಂತ್ರದಲ್ಲಿ ಏನು ದರ ಇದೆ?

ಫೆನ್ನಾ: ಮೇಸ್ತ್ರಿ. ತೊಂಬತ್ತೆರಡು.

ತೇಡಾ: ಈ ಕೆಲಸಕ್ಕಾ!

ಫೆನ್ನಾ: ಕೆಲಸದ ಬಗೆ ನೋಡಿ ದರ ಅಂತ ಅವನದೇ ನಿಯಮ. ಈ ಕೆಲಸದಲ್ಲಿ ಇವತ್ತು ಮೊದಲ ದಿನ. ಮೇಜುಬಟ್ಟೆ ಲೆಕ್ಕ ಹಾಕಿದ್ರೆ ಅವನೇ ನಮಗೆ ಕೊಡಬೇಕು.

ತೇಡಾ ಅತ್ತೆ ಮೂಗು ಮುಚ್ಚಿಕೊಂಡು ಕಷಾಯ ಕುಡಿದಂತೆ ಕುಡಿದರು. ವಿಯಾರ್ಡ್ ಕಾರಿನ ಕೀಲಿ ಹಿಡಿದು ಚಮಚವನ್ನೇ ನೋಡುತ್ತಾ ನಿಂತ. ಅವರು ಚಮಚವನ್ನು ಎತ್ತಿದರು, ಬೆಳಕಿಗೆ ಹಿಡಿದರು, ಒರೆಸಿದರು, ಸಾಸರಿನಲ್ಲೇ ಮಲಗಿಸಿದರು. ಕಪ್ಪು ಮುಂದೆ ಚಾಚಿದರು.

ತೇಡಾ: ಇನ್ನೊಂದು.

ವಿಯಾರ್ಡ್: ನಾಲ್ಕನೇದಾ?

ತೇಡಾ: ಸತ್ಕಾರಕ್ಕೆ ಲೆಕ್ಕ ಇಡ್ತಾರೇನಪ್ಪಾ?

ನಾಲ್ಕನೆಯದು ಹೋಯಿತು. ಐದನೆಯದೂ ಹೋಯಿತು. ಫೋನು ಮತ್ತೆ ಬಡಿದುಕೊಂಡು ಸುಸ್ತಾಗಿ ನಿಂತಿತು.

ವಿಯಾರ್ಡ್: ಅತ್ತೆ, ನಿಮ್ಮ ಆರೋಗ್ಯಕ್ಕೆ... ಈ ವಯಸ್ಸಲ್ಲಿ ಇಷ್ಟು ಕುಡಿದ್ರೆ ಎದ್ದು ಹೋಗ್ಬೇಕಾಗಲ್ವಾ?

ತೇಡಾ: ಬೆಳಗಿನ ಹಡಗಿಂದ ಸಂಜೆ ಹಡಗಿನ ತನಕ ಟಿಕೆಟ್ ಕಿಟಕಿ ಬಿಟ್ಟು ಏಳೋ ಹಾಗಿರ್ಲಿಲ್ಲ ನಮಗೆ. ನನ್ನ ಪೈಪು ನೀನು ಹಾಕೋ ಪೈಪಿಗಿಂತ ಗಟ್ಟಿ.

ವಿಯಾರ್ಡ್: ಅಲ್ಲಿ ಮೂರು ಜನ ನಿಂತಿದಾರೆ ಅತ್ತೆ! ಗಂಟೆಗೆ ಎಪ್ಪತ್ತನಾಲ್ಕರ ಹಾಗೆ ಮೂರು ಜನ! ಅದನ್ನ ಯಾರಿಗೆ ಹಾಕ್ಲಿ ನಾನು?

ಫೆನ್ನಾ: ಸೊನ್ನೆ ಹಾಕು. ಬಾಯಿ ಮುಚ್ಚತ್ತೆ.

ತೇಡಾ: ಫೆನ್ನಾ, ನೀನು ಇವನ ಹತ್ರ ಏನಾದ್ರೂ ಕೇಳಿದೀಯಾ?

ವಿಯಾರ್ಡ್: ಅದು ಮನೆ ವಿಷಯ ಅತ್ತೆ.

ತೇಡಾ: ನಾನೂ ಮನೆಗೇ ಬಂದಿದೀನಿ. ಅಡುಗೆಮನೆಗೇ.

ಫೆನ್ನಾ: ಕೆಲಸಕ್ಕೆ ಸೇರಿಸ್ಕೋ ಅಂದೆ. ಒಂದನೇ ತಾರೀಖಿಂದ. ಮುದುಕಿ ಆದ್ಮೇಲೆ ಬೆಣ್ಣೆ ತಗೋಳೋಕೆ ಇವನ ಮುಖ ನೋಡೋ ಹಾಗಾಗ್ಬಾರ್ದು, ಅಷ್ಟೇ.

ಅವಳು ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ತೇಡಾ ಅತ್ತೆಯ ಕಪ್ಪು ಮೇಜಿನ ಮೇಲೆ ಇಂಚಿಂಚಾಗಿ ವಿಯಾರ್ಡನ ಕಡೆ ಸರಿಯುತ್ತಿತ್ತು.

ವಿಯಾರ್ಡ್: ಸರಿ. ಅರ್ಧ ಹೊತ್ತಿನ ಕೆಲಸ ಅಂತ ಬರೆಸ್ತೀನಿ.

ಫೆನ್ನಾ: ಅತ್ತೆಗೆ ಅರ್ಧ ಕಪ್ ಹಾಕು.

ವಿಯಾರ್ಡ್: ಪೂರ್ತಿ ಹೊತ್ತು! ಆದರೆ ಬೇಸಿಗೆ ಕಳೆದ ಮೇಲೆ...

ತೇಡಾ: ನಾನು ಬೇಸಿಗೆ ತನಕ ಕೂರ್ತೀನಿ. ಬಟ್ಟೆ ತರಿಸ್ಕೋತೀನಿ.

ವಿಯಾರ್ಡ್: ಆಯ್ತು! ಒಂದನೇ ತಾರೀಖು! ಬರೋ ಒಂದನೇ ತಾರೀಖು! ಈಗ ಚಮಚ ಇಡ್ತೀರಾ?

ತೇಡಾ: ಗಂಡಸಿನ ಬಾಯಿಮಾತಿಗೆ ಚಮಚ ಇಡೋ ಪದ್ಧತಿ ನಮ್ಮಲ್ಲಿಲ್ಲ.

ವಿಯಾರ್ಡ್ ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳಿಸುವಂತೆ, ಕಂಪನಿಯ ತೆರಿಗೆ ಲೆಕ್ಕಿಗರಾದ ಶ್ರೀಮತಿ ಯಾನ್ಸೆನ್ ಅವರಿಗೆ ಕರೆ ಹಚ್ಚಿದ.

ವಿಯಾರ್ಡ್: ಮೊಯ್ನ್. ಹೊಸದಾಗಿ ಒಬ್ಬರನ್ನ ಕೆಲಸಕ್ಕೆ ತಗೋತಿದೀನಿ. ಫೆನ್ನಾ ಹಾರ್ಮ್ಸ್. ಹೌದು, ನನ್ನ ಹೆಂಡತಿನೇ. ಬರೋ ಒಂದನೇ ತಾರೀಖಿಂದ, ಪೂರ್ತಿ ಹೊತ್ತು.

ಯಾನ್ಸೆನ್: ಒಳ್ಳೇದು. ಕೆಲಸದ ಬಗೆ ಏನಂತ ಬರ್ಕೊಳ್ಳಲಿ?

ವಿಯಾರ್ಡ್: ಆಫೀಸು. ಅಂದ್ರೆ ಫೋನು.

ಯಾನ್ಸೆನ್: ಫೋನು ಮಾತ್ರನಾ?

ವಿಯಾರ್ಡ್: ಬಿಲ್ಲೂ ಅವಳೇ. ಸಂಬಳದ ಲೆಕ್ಕ. ಯಾವ ವ್ಯಾನು ಎಲ್ಲಿಗೆ ಹೋಗ್ಬೇಕು ಅನ್ನೋದು. ಸಾಮಾನು ತರಿಸೋದು. ದುಡ್ಡು ಕೊಡದೇ ಇರೋರ ಹಿಂದೆ ಬೀಳೋದು. ನಿಮ್ಮ ಕಾಗದಗಳು ಕೂಡ... ಹೌದು, ಅವೂ ಅವಳೇ ಕಳಿಸೋದು.

ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯುತ್ತಾ ಹೋಯಿತು. ಬಚ್ಚಿಟ್ಟ ವಿಷಯವೇನೂ ಅಲ್ಲ ಅದು. ದಿನವೂ ಅವನ ಕಣ್ಣೆದುರೇ ನಡೆಯುತ್ತಿದ್ದದ್ದು. ಒಂದೊಂದನ್ನಾಗಿ ಬಾಯಿಂದ ತೆಗೆಯುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

ವಿಯಾರ್ಡ್: ಎಲ್ಲಾ ಅವಳೇ ಅಂತ ಬರ್ಕೊಳ್ಳಿ.

ಯಾನ್ಸೆನ್: ಬರ್ಕೊಂಡೆ. ಹಾಗಾದ್ರೆ ನಿಮ್ಮ ಕೆಲಸ ಏನಂತ ಹಾಕ್ಲಿ ಹಾರ್ಮ್ಸ್ ಅವರೇ?

ತೇಡಾ: ಚಹಾ ಕಲಕೋದು!

ಟಿಣ್. ಚಮಚ ಕಪ್ಪಿನೊಳಗೆ ನಿಂತಿತು. ತೇಡಾ ಅತ್ತೆ ಕುರ್ಚಿಯಿಂದ ಎದ್ದು, ತಮ್ಮ ಘನತೆಗೆ ಒಪ್ಪದಂಥ ಅವಸರದಲ್ಲಿ, ಬಚ್ಚಲು ಯಾವ ಕಡೆ ಎಂದು ಕೇಳಿದರು. ವಿಯಾರ್ಡ್ ಕೋಟಿನ ಒಂದೇ ತೋಳಿಗೆ ಕೈ ತೂರಿಸಿ ಬಾಗಿಲ ಕಡೆ ಓಡಿದ. ಓಡುತ್ತಿದ್ದವನನ್ನು ಕೋಣೆಯೊಳಗಿಂದ ಕೀಲಿಮಣೆಯ ಸದ್ದು ತಡೆಯಿತು.

ವಿಯಾರ್ಡ್: ಏನು ಹಾಕ್ತಿದೀಯ?

ಫೆನ್ನಾ: ಇವತ್ತಿನ ಗಂಟೆಗಳು. ಗಿರಾಕಿಗೆ ಚಹಾ ಸುರಿದಿದ್ದು, ವಿಯಾರ್ಡ್ ಹಾರ್ಮ್ಸ್. ಸೊನ್ನೆ.

ವಿಯಾರ್ಡ್: ಸೊನ್ನೆನಾ? ಒಂದು ಗಂಟೆ ನಿಂತಿದೀನಿ ಕಣೇ! ಕೈ ಸುಟ್ಕೊಂಡಿದೀನಿ!

ಫೆನ್ನಾ: ಸತ್ಕಾರ ಅಲ್ವಾ ಮಾರಾಯ. ಹೋಗ್ತಾ ಮೇಜುಬಟ್ಟೆ ನೆನೆ ಹಾಕಿ ಹೋಗು.

ಯಂತ್ರ ಈ ಸಲವೂ ಕೆಂಪಾಗಲಿಲ್ಲ, ಕೂಗಾಡಲಿಲ್ಲ, ತೆಪ್ಪಗೆ ಒಪ್ಪಿತು. ಗಂಡಸಿನ ಸೊನ್ನೆ, ಹೆಂಗಸಿನ ಸೊನ್ನೆ ಅದಕ್ಕೆ ಎರಡೂ ಒಂದೇ. ಆ ಮಟ್ಟಿಗೆ ಅದು ನಮಗಿಂತ ವಾಸಿ. ಆದರೆ ಸೊನ್ನೆ ಯಾಕೆ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವರು ನೀವು. ಇದನ್ನು ಓದುತ್ತಿರುವ ನಿಮ್ಮ ಕೈಯ ಪಕ್ಕದಲ್ಲಿ ಒಂದು ಲೋಟ ಇದೆ. ಅದು ತಾನಾಗಿ ನಡೆದು ಬಂದದ್ದಲ್ಲ. ಏಳಿ. ಲೋಟ ತೊಳೆಯಿರಿ. ಅದನ್ನು ತಂದಿಟ್ಟವರ ಎದುರು ಹೋಗಿ ನಿಂತು, ಅವರ ಗಂಟೆಗೆ ಎಷ್ಟು ಎಂದು ಕೇಳಿ. ನಗುತ್ತಾ ಕೇಳಬೇಡಿ. ಅವರು ಉತ್ತರ ಹೇಳುವ ತನಕ ಬಂದು ಕೂರಬೇಡಿ.